ಹುಲ್ಲು ಮೊದಲು ಬಾಡುವ ಜಾಗ

ಎಂಟನೆಯ ತರಗತಿಯ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕ. ನನ್ನ ಬೋಧನಾಭ್ಯಾಸದ ಏಳನೆಯ ಪಾಠ. ಮಣ್ಣಿನ ತೇವಾಂಶಕ್ಕೂ ಬೇರಿಗೂ ಇರುವ ಸಂಬಂಧ ತಿಳಿಸಲು, ಪೀಠಿಕೆಯಾಗಿ ಇಂಗ್ಲೆಂಡಿನ ಸಿಲ್‌ಚೆಸ್ಟರ್‌ನ ಚಿತ್ರ ತೋರಿಸಿದೆ.

ಹ್ಯಾಂಪ್‌ಶೈರಿನ ಹಳ್ಳಿಗಾಡಿನ ಈ ಬಯಲು ಒಂದು ಕಾಲಕ್ಕೆ ರೋಮನ್ ಪಟ್ಟಣ. ಅದು ಪಾಳುಬಿದ್ದ ಮೇಲೆ ಅದರ ಮೇಲೆ ಮತ್ತೊಂದು ಪಟ್ಟಣ ಬೆಳೆಯಲಿಲ್ಲ. ಸುಮಾರು 2.4 ಕಿ.ಮೀ. ಸುತ್ತಳತೆಯ ಕೋಟೆಗೋಡೆಯ ಒಳಗೆ ಈಗ ಹುಲ್ಲುಗಾವಲು. ಮಳೆಯಿಲ್ಲದ ಬೇಸಿಗೆಯಲ್ಲಿ ಹೂತುಹೋದ ಬೀದಿ, ಗೋಡೆಗಳ ಮೇಲಿನ ಹುಲ್ಲು ಮೊದಲು ಹಳದಿಯಾಗುತ್ತದೆ. ಅಲ್ಲಿ ಮಣ್ಣಿನ ಪದರ ತೆಳು. ಮುಚ್ಚಿಹೋದ ಕಂದಕದ ಮೇಲೆ ಮಣ್ಣು ಆಳ, ಹಸಿರು ಹೆಚ್ಚು ದಿನ ನಿಲ್ಲುತ್ತದೆ. ಆಕಾಶದಿಂದ ನೋಡಿದರೆ ಬೀದಿಗಳ ನಕ್ಷೆಯೇ ಕಾಣುತ್ತದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಟೀಚರ್, ನಮ್ ಹೊಲದಾಗೂ ಒಂದ್ ಪಟ್ಟಿ ಜ್ವಾಳ ಲಗೂನ ಬಾಡ್ತೈತ್ರಿ. ಕೆಳಗ ಬಂಡೆ ಐತಿ ಅಂತಾನ ನಮ್ಮಪ್ಪ. ಅಲ್ಲೂ ಊರಿತ್ತೇನ್ರಿ?”

ತರಗತಿ ನಕ್ಕಿತು. ನಾನು ಗಡಿಯಾರ ನೋಡಿ, “ಅದು ಬೇರೆ ವಿಷಯ, ಕೂತ್ಕೋ” ಎಂದೆ. ಆ ಅವಧಿಯಲ್ಲಿ ಅವನು ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದಿದ್ದರು: “ಈ ಪಾಠಕ್ಕೆ ಒಳ್ಳೆಯ ಉದಾಹರಣೆ ಕೊಟ್ಟಿದ್ದು ವಿದ್ಯಾರ್ಥಿ. ಅದನ್ನು ಬಳಸಿಕೊಂಡಿಲ್ಲ.” ಓದಿ ನಾಚಿಕೆಯಾಯಿತು. ಅವನ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ನಿಜಕ್ಕೂ ಕೂರಿಸಿದ್ದು ಅದಕ್ಕೇ.

ಮರುದಿನ ತರಗತಿಯ ಎದುರೇ ಅವನ ಕ್ಷಮೆ ಕೇಳಿ, ಅವನ ಹೊಲವನ್ನು ಹಲಗೆಯ ಮೇಲೆ ಬರೆಯಿಸಿದೆ. ನಂತರ ಎರಡು ಟ್ರೇಗಳಲ್ಲಿ ಹೆಸರುಕಾಳು ಬಿತ್ತಿದೆವು. ಒಂದರಲ್ಲಿ ಇಟ್ಟಿಗೆಗಳ ಮೇಲೆ ತೆಳುವಾಗಿ ಮಣ್ಣು, ಇನ್ನೊಂದರಲ್ಲಿ ಪೂರ್ತಿ ಮಣ್ಣು. ಸಸಿ ಬಂದ ಮೇಲೆ ನೀರು ನಿಲ್ಲಿಸಿದೆವು. ಇಟ್ಟಿಗೆಯ ಮೇಲಿನವೇ ಮೊದಲು ಬಾಡಿದವು.

“ಹಾಗಾದರೆ ಕೆಳಗಿರುವುದು ಗೋಡೆಯೋ ಬಂಡೆಯೋ, ಹೇಗೆ ತಿಳಿಯುವುದು?” ಎಂದೆ. ಅದೇ ಹುಡುಗ ಕೈ ಎತ್ತಿದ: “ಬೀದಿ ನೆಟ್ಟಗಿರ್ತಾವ್ರಿ. ನಮ್ದು ಸೊಟ್ಟ ಐತಿ. ಬಂಡೇನೇ ಇರಬೇಕು.”

ಗೆರೆ ಸುಳಿವು ಮಾತ್ರ, ಖಚಿತವಾಗಲು ಅಗೆಯಬೇಕು ಎಂದು ಸೇರಿಸಿದೆ. ಸಿಲ್‌ಚೆಸ್ಟರ್‌ನಲ್ಲಿ 1890ರಿಂದ 1909ರವರೆಗೆ ಅಗೆದರು. 1997ರಿಂದ 2014ರವರೆಗೆ ರೀಡಿಂಗ್ ವಿಶ್ವವಿದ್ಯಾಲಯ ಒಂದೇ ಬಡಾವಣೆಯನ್ನು ನಿಧಾನವಾಗಿ ಶೋಧಿಸಿತು. ಅಗೆದ ಪದರ ಮತ್ತೆ ಮೊದಲಿನಂತಾಗದು. ಅದಕ್ಕೇ ಅದು ಸಂರಕ್ಷಿತ ಸ್ಮಾರಕ, ಅನುಮತಿಯಿಲ್ಲದೆ ಅಗೆಯುವಂತಿಲ್ಲ.

ಈಗ ನನ್ನ ಪಾಠಯೋಜನೆಯಲ್ಲಿ ಐದು ನಿಮಿಷ ಖಾಲಿ ಬಿಡುತ್ತೇನೆ, ಮಕ್ಕಳ ಹೊಲಗಳಿಗಾಗಿ.