ಅಂಗೈಯಗಲದ ರೊಟ್ಟಿ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮನುಷ್ಯನ ಆರೋಗ್ಯ ಅಳೆಯಲು ಇರುವ ಮಾಪು ಒಂದೇ, ರೊಟ್ಟಿ. ಜ್ವರ ಬಂದವನನ್ನು ನೋಡಲು ಹೋದವರು ಥರ್ಮಾಮೀಟರು ಕೇಳುವುದಿಲ್ಲ. ‘ಎಷ್ಟ್ ರೊಟ್ಟಿ ಉಂಡಾನು?’ ಎನ್ನುತ್ತಾರೆ. ಮೂರು ಎಂದರೆ ಗುಣವಾದಂತೆ. ಎರಡು ಎಂದರೆ ಚಿಂತೆಯಿಲ್ಲ. ಅರ್ಧ ಎಂದರೆ ಕಟ್ಟೆಯ ಮೇಲಿನ ಹಿರಿಯರು ದನಿ ತಗ್ಗಿಸಿ, ದೂರದ ಮಗಳಿಗೆ ಫೋನು ಹಚ್ಚಲು ಹೇಳುತ್ತಾರೆ. ಅಂಥ ಸೀಮೆಯಲ್ಲಿ ಹುಟ್ಟಿ, ಅರ್ಧ ರೊಟ್ಟಿಗೇ ಕೈತೊಳೆಯುತ್ತ ಎರಡು ದಶಕ ದಾಟಿದವನು ನಾನು. ಯಾರೂ ಇನ್ನೂ ಯಾರಿಗೂ ಫೋನು ಹಚ್ಚಿಲ್ಲ.

ಹಾಗೆಂದು ನಾನು ವ್ರತಸ್ಥನೇನಲ್ಲ. ಸಿಂದಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲಕ್ಕೆ ನಾನು ಖಾನಾವಳಿ ಹೊಕ್ಕರೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ದವಾಖಾನೆಯ ತೂಕದ ಯಂತ್ರದ ಮುಳ್ಳು ಕೊನೆಯ ಅಂಕಿ ಮುಟ್ಟಿ ಅಲ್ಲೇ ನಿಂತಾಗ, ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಬೇಕಾಯಿತು. ತೂಗುವ ಹಮಾಲ ನನ್ನ ಹಳೆಯ ಶಿಷ್ಯನ ಅಪ್ಪ. ಬಹಳ ಮರ್ಯಾದೆಯಿಂದ ಕೇಳಿದ: ‘ಸರ, ಚೀಲದ ತೂಕ ಕಳೀಲೇನ್ರಿ?’

ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು, ನಿದ್ದೆಯಲ್ಲಿ ಕಟ್ಟುವ ಉಸಿರು. ಎಲ್ಲ ಒಟ್ಟಿಗೇ ಬಿಡಾರ ಹೂಡಿದಾಗ ದೊಡ್ಡ ಊರಿನ ಡಾಕ್ಟರು ಆಪರೇಷನ್ ಅಂದರು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1960ರ ದಶಕದಲ್ಲಿ ಆರಂಭಿಸಿದ ಗ್ಯಾಸ್ಟ್ರಿಕ್ ಬೈಪಾಸ್. ಲೀಟರಿಗೂ ಮಿಕ್ಕಿ ಹಿಡಿಯುವ ಜಠರದ ಮೇಲ್ತುದಿಯಲ್ಲಿ 30 ಮಿಲಿಲೀಟರಿನಷ್ಟು ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹೋಟೆಲಿನ ಅರ್ಧ ಚಹಾ ಕೂಡ ಅದರಲ್ಲಿ ಹಿಡಿಯದು. ಉಳಿದ ಜಠರ ಎಲ್ಲಿಗೂ ಹೋಗುವುದಿಲ್ಲ. ಬೈಪಾಸ್ ರಸ್ತೆ ಆದ ಮೇಲೆ ಊರು ಇದ್ದಲ್ಲೇ ಇದ್ದು ಲಾರಿಗಳು ಮಾತ್ರ ಹೊರಗಿಂದ ಹೋಗುತ್ತವಲ್ಲ, ಹಾಗೆ.

ಆಪರೇಷನ್ನಿಗೆ ಹಿಡಿದದ್ದು ಒಂದು ಮುಂಜಾನೆ. ಅದನ್ನು ಬಂಧುಬಳಗಕ್ಕೆ ತಿಳಿಸಿ ಹೇಳಲು ಹಿಡಿದದ್ದು ವರ್ಷಗಳು. ‘ಹೊಟ್ಟಿ ಕೊಯ್ಸಿಕೊಂಡು ಬಂದಾನಂತ’ ಎಂಬ ಸುದ್ದಿ ನನಗಿಂತ ಮೊದಲು ಊರು ತಲುಪಿತ್ತು. ಅವ್ವ ಒಂದೇ ಮಾತು ಕೇಳಿದಳು: ‘ಇಷ್ಟ್ ದಿನ ನಾ ಮಾಡಿ ಹಾಕಿದ್ದ ತಪ್ಪಾತೇನೋ?’ ಇದಕ್ಕೆ ಯಾವ ಡಾಕ್ಟರೂ ಉತ್ತರ ಕಲಿಸಿ ಕಳಿಸಿರಲಿಲ್ಲ.

ಮೊದಲ ಎರಡು ವರ್ಷ ಮೆರವಣಿಗೆಯ ಕಾಲ. ತಿಂಗಳು ತಿಂಗಳಿಗೂ ತೂಕ ಇಳಿಯಿತು, ದರ್ಜಿಗೆ ಕೆಲಸ ಸಿಕ್ಕಿತು, ನಾಲ್ಕನೆಯ ತಿಂಗಳಿಗೆ ತಲೆಗೂದಲು ಉದುರಿ ಮತ್ತೆ ಬಂತು. ಎದುರಾದವರು ಕಣ್ಣರಳಿಸಿ ನೋಡಿ, ಮರುಗಳಿಗೆ ಹೆಂಡತಿಯನ್ನು ಬದಿಗೆ ಕರೆದು ‘ಏನಾರ ದೊಡ್ಡ ಜಡ್ಡೇನ್ರಿ ಅಕ್ಕಾರ?’ ಎಂದು ಪಿಸುಗುಡುತ್ತಿದ್ದರು. ಆಮೇಲೆ ಮೆರವಣಿಗೆ ಮುಗಿಯಿತು, ಹಲಗೆಯವರು ಮನೆಗೆ ಹೋದರು. ನಿಜವಾದ ಬದುಕು ಶುರುವಾದದ್ದು ಆಗ. ಸ್ವೀಡನ್ನಿನಲ್ಲಿ 1987ರಿಂದ ಇಂಥ ಆಪರೇಷನ್ ಆದ ಸುಮಾರು ಎರಡು ಸಾವಿರ ಜನರ ಬೆನ್ನು ಹತ್ತಿ ನೋಡುತ್ತ ಬಂದಿದ್ದಾರೆ. ಅವರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ತೂಕದ ಶೇ. 32ರಷ್ಟು ಇಳಿದಿದ್ದರು, ಹತ್ತು ವರ್ಷಕ್ಕೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಹೋದ ತೂಕದಲ್ಲಿ ಒಂದಿಷ್ಟು ತವರಿಗೆ ಮರಳಿಯೇ ಮರಳುತ್ತದೆ. ನನ್ನದೂ ಮರಳಿತು. ಬಂದದ್ದನ್ನು ಬೈಯದೆ, ಇನ್ನಷ್ಟು ನೆಂಟರನ್ನು ಕರೆತರದಂತೆ ನೋಡಿಕೊಳ್ಳುವುದೇ ಈಗಿನ ಸಂಸಾರ.

ನೆಂಟರೆಂದರೆ ಮುದ್ದೇಬಿಹಾಳ ನೆನಪಾಗುತ್ತದೆ. ಅದು ನನ್ನ ಹೆಂಡತಿಯ ತವರು. ಅಳಿಯನ ಎಲೆ ಖಾಲಿ ಕಂಡರೆ ಮನೆತನದ ಮಾನ ಹೋಯಿತೆಂದು ನಂಬಿದ ಮಂದಿ. ಅಲ್ಲೊಂದು ಮದುವೆಯಲ್ಲಿ ಹೆಂಡತಿಯ ಅಣ್ಣನ ಮಗ ಮಾದಲಿಯ ಬುಟ್ಟಿ ಹಿಡಿದು ನನ್ನೆದುರು ನಿಂತ. ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ, ಏಲಕ್ಕಿ ಬೆರೆತ ಘಮ ಎಲೆಗಿಂತ ಮೊದಲು ಮೂಗಿಗೆ ಬಡಿಯಿತು.

‘ಮಾಮಾರ, ನೀಡ್ಲೇನ್ರಿ?’

‘ಸಾಕಪ್ಪಾ, ಬ್ಯಾಡ.’

‘ಹಾಂಗಂದ್ರ ಹ್ಯಾಂಗ್ರಿ? ಮದಿವಿ ಮನ್ಯಾಗ ಬ್ಯಾಡ ಅನಬಾರ್ದ್ರಿ.’

ಮಾತು ಮುಗಿಯುವುದರೊಳಗೆ ಎರಡು ಹಿಡಿ ಬಿದ್ದವು. ಹಿಂದೆಯೇ ತುಪ್ಪದವನು, ಅವನ ಹಿಂದೆ ಹಾಲಿನವನು. ಸುತ್ತ ಬೀಗರು, ನಾನೂ ಉಂಡೆ. ಕಾಲು ಗಂಟೆಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆಯೊಳಗೆ ಗುಡುಗು. ಜಠರದಲ್ಲಿ ತಡೆಯಿಲ್ಲದೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಕರುಳು ನೀರೆಳೆದುಕೊಂಡು ಹೀಗಾಗುತ್ತದೆ. ಡಾಕ್ಟರು ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಉಗ್ರಾಣದ ಅಕ್ಕಿ ಚೀಲಗಳ ಮೇಲೆ ನನ್ನನ್ನು ಒರಗಿಸಿ, ಹಿರಿಯ ಅಜ್ಜಿಯೊಬ್ಬಳು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಏಳಲಿಲ್ಲ. ‘ನೋಡ್ರಿ, ಖರೇನ ದೃಷ್ಟಿ ಆಗೇತಿ. ಬಾಳ ತೆಳ್ಳಗ ಆಗ್ಯಾರ, ಮಂದಿ ಕಣ್ಣು ಬಿದ್ದಾವು’ ಎಂದು ತೀರ್ಪಿತ್ತಳು. ಮುಕ್ಕಾಲು ಗಂಟೆಗೆ ನಾನು ಎದ್ದು ಕೂತೆ. ಅಜ್ಜಿಯ ಹೆಸರು ಇಡೀ ತಾಲೂಕಿಗೆ ಹಬ್ಬಿತು.

ಅಂದಿನಿಂದ ಪಂಕ್ತಿಯಲ್ಲಿ ಕೂಡುವ ಕಲೆ ಕಲಿತೆ. ನೀಡುವವರು ಹೊಟ್ಟೆ ನೋಡುವುದಿಲ್ಲ, ಎಲೆ ನೋಡುತ್ತಾರೆ. ಎಲೆ ಬರಿದು ಮಾಡಿದವನಿಗೆ ಉಳಿಗಾಲವಿಲ್ಲ. ಆದ್ದರಿಂದ ಮೊದಲು ಮಡಕಿ ಕಾಳಿನ ಪಲ್ಯ, ಝುಣಕ, ಮೊಸರು, ಅಂದರೆ ಪ್ರೋಟೀನು. ಆಮೇಲೆ ಒಂದು ತುಣುಕು ರೊಟ್ಟಿ. ತುತ್ತು ಹಿಟ್ಟಾಗುವವರೆಗೆ ಅಗಿಯುವುದು, ನಡುವೆ ನೀರು ಕುಡಿಯದಿರುವುದು, ಬದಿಯವರ ಹೊಲ, ಮಳೆ, ಮಗನ ನೌಕರಿ ಎಲ್ಲ ಕೇಳುವುದು. ಮೊದಲು ನಾನು ಊಟಕ್ಕೆ ಕೂತರೆ ಎಡಬಲ ಯಾರಿದ್ದರೆಂಬುದು ಎದ್ದ ಮೇಲೆ ನೆನಪಿರುತ್ತಿರಲಿಲ್ಲ. ಈಗ ಅವರ ಎತ್ತಿನ ಹೆಸರೂ ಗೊತ್ತು.

ಬಸವನ ಬಾಗೇವಾಡಿಗೆ ಹೋದಾಗ ಮಾತ್ರ ಈ ಕಲೆ ಕೈಕೊಟ್ಟಿತು. ಬಸವಣ್ಣ ಹುಟ್ಟಿದ ಊರು, ಶ್ರಾವಣದ ಜಾತ್ರೆ, ದಾಸೋಹದ ಸಾಲು. ಮದುವೆಯ ಎಲೆಯಲ್ಲಿ ಉಳಿಸಬಹುದು, ಪ್ರಸಾದ ಕೆಡಿಸುವಂತಿಲ್ಲ. ಅಂಜುತ್ತಲೇ ‘ನಂದು ಹೊಟ್ಟಿ ಆಪರೇಷನ್ ಆಗೇತ್ರಿ, ಒಂದ್ ಚಮಚಾ ಸಾಕು’ ಎಂದೆ. ನೀಡುತ್ತಿದ್ದ ಹಿರಿಯರು ಸೌಟು ಅಲ್ಲೇ ತಡೆದು, ಸೌಟಿನ ತುದಿಯಿಂದ ತುಸುವೇ ಹುಗ್ಗಿ ಇಳಿಸಿ, ‘ಪ್ರಸಾದಕ್ಕ ಅಳತಿ ಎಲ್ಲೀದ್ರಿ ಶರಣರ? ಇಷ್ಟೂ ಪ್ರಸಾದನ’ ಅಂದು ಮುಂದೆ ಹೋದರು. ಕಾರಣ ಕೇಳಲಿಲ್ಲ, ಕನಿಕರ ತೋರಿಸಲಿಲ್ಲ, ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ಅಷ್ಟು ನೆಮ್ಮದಿಯಿಂದ ನಾನು ಮತ್ತೆಲ್ಲಿಯೂ ಉಂಡಿಲ್ಲ.

ಇನ್ನು ಮಾತ್ರೆಗಳ ಕಥೆ. ನಮ್ಮ ಜಿಲ್ಲೆಯ ಹೆಮ್ಮೆಯಾಗಿದ್ದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ, 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೂ ಕಿಸೆಯಿಲ್ಲದ ಅಂಗಿ ತೊಟ್ಟೇ ಬದುಕಿದರು. ನನಗೆ ಆ ಭಾಗ್ಯವಿಲ್ಲ. ಮಾತ್ರೆ ಇಡಲು ಎರಡು ಕಿಸೆ ಬೇಕು. ಆಹಾರ ದಾರಿ ತಪ್ಪಿಸಿ ಹೋಗುವುದರಿಂದ ಕಬ್ಬಿಣ, ಸುಣ್ಣ, ಬಿ12, ಡಿ ಜೀವಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಜೀವಮಾನವಿಡೀ ಮಾತ್ರೆ. ಅವಕ್ಕೂ ತಮ್ಮ ತಮ್ಮ ಬಿಂಕ. ಕಬ್ಬಿಣ ನುಂಗಿದ ಮೇಲೆ ಕ್ಯಾಲ್ಸಿಯಂಗೆ ಎರಡು ತಾಸು ಬಿಡಬೇಕು. ಚಹಾ ಎರಡರಿಂದಲೂ ದೂರ. ತಲೆನೋವೆಂದು ಅಂಗಡಿಯಲ್ಲಿ ಸಿಕ್ಕ ನೋವಿನ ಗುಳಿಗೆ ನುಂಗುವಂತಿಲ್ಲ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಇದರಲ್ಲಿ ನನ್ನ ಕೈಹಿಡಿದದ್ದು ಇಂಡಿಯ ಲಿಂಬೆ. ಅಲ್ಲಿ ತಂಗಿಯ ಮನೆ, ಮನೆಯ ಹಿಂದೆ ಲಿಂಬೆಯ ತೋಟ. ಮೆಂತ್ಯದ ಪಲ್ಯ, ಮಡಕಿ ಕಾಳಿನ ಮೇಲೆ ಹಿಂಡಿದರೆ ಅದರ ಹುಳಿ ಕಬ್ಬಿಣ ಹೀರಲು ನೆರವಾಗುತ್ತದೆ. ಹೋದಾಗಲೊಮ್ಮೆ ತಂಗಿ ಚೀಲ ತುಂಬಿಸಿ ಕಳಿಸುತ್ತಾಳೆ: ‘ಅಣ್ಣಾ, ಉಣ್ಣಾಕಂತೂ ಆಗಂಗಿಲ್ಲ, ಹಿಂಡ್ಕೊಳ್ಳಾಕರ ಒಯ್ಯಿ.’

ಬಿ12ರ ವಿಷಯ ನಗೆಯದಲ್ಲ. ಯಕೃತ್ತಿನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಹೀಗಾಗಿ ಮಾತ್ರೆ ಬಿಟ್ಟವನಿಗೆ ಕೂಡಲೇ ಏನೂ ಆಗುವುದಿಲ್ಲ, ನಾನು ಗೆದ್ದೆ ಅನ್ನಿಸುತ್ತದೆ. ಪಾದ ಜೋಮು ಹಿಡಿದು, ನೆಲ ತಪ್ಪಿದಂತಾಗುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಲ್ಯಾಬಿನ ಹುಡುಗ ‘ಸರ, ಆಪರೇಷನ್ ಆದಾಗ ನಾ ಇನ್ನೂ ಸಾಲಿಗೆ ಹೋಗ್ತಿದ್ದೆ, ಇನ್ನೂ ತಪಾಸಣಿ ಮುಗಿಲಿಲ್ಲೇನ್ರಿ?’ ಎನ್ನುತ್ತಾನೆ. ಮುಗಿಯುವುದಿಲ್ಲ ಎಂಬುದೇ ಇದರ ಗುಟ್ಟು.

ಅವ್ವನ ಮಾತಿಗೆ ಬರುತ್ತೇನೆ. ಆಪರೇಷನ್ನಿನ ನಂತರದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂತಾಗ ಅವ್ವ ಬುತ್ತಿಯಿಂದ ಬೇರೆಯೇ ಒಂದು ಗಂಟು ಬಿಚ್ಚಿದಳು. ಒಳಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗಳು, ಒಂದೊಂದೂ ಅಂಗೈಯಗಲ. ಮೂರು ಬೆರಳಲ್ಲಿ ತಟ್ಟಿರಬೇಕು, ಅಂಚಿನಲ್ಲಿ ಬೆರಳಿನ ಗುರುತು ಸಾಲಾಗಿ ಮೂಡಿದ್ದವು. ನಾನು ಒಂದು ತಿಂದೆ, ಎರಡು ತಿಂದೆ. ಮೂರನೆಯದು ಕೈಗೆತ್ತಿಕೊಂಡಾಗ ಬದಿಯ ಹೊಲದ ಕಾಕಿಗೆ ಕೇಳುವಂತೆ ಅವ್ವ ಅಂದಳು: ‘ನನ್ನ ಮಗ ಇವತ್ತ ಮೂರು ರೊಟ್ಟಿ ಉಂಡ.’ ಲೆಕ್ಕ ತಪ್ಪಿರಲಿಲ್ಲ, ಮಾಪು ಬದಲಾಗಿತ್ತು. ಇರುವವರೆಗೂ ನನಗಾಗಿ ಹಾಗೆಯೇ ಬಡಿದಳು. ಈಗ ಅಷ್ಟು ಸಣ್ಣ ರೊಟ್ಟಿ ಬಡಿಯುವ ಕೈ ನಮ್ಮ ಮನೆಯಲ್ಲಿಲ್ಲ. ದೊಡ್ಡದನ್ನೇ ಮುರಿದುಕೊಳ್ಳುತ್ತೇನೆ.

ಈಚೆಗೆ ಪಂಕ್ತಿಯಲ್ಲಿ ಒಂದು ಚೋದ್ಯ ನಡೆದಿದೆ. ನನ್ನ ಓರಗೆಯವರೆಲ್ಲ ನನ್ನ ಅಳತೆಗೆ ಇಳಿದಿದ್ದಾರೆ. ಒಬ್ಬನಿಗೆ ಸಕ್ಕರೆ, ಒಬ್ಬನಿಗೆ ಕಟ್ಟಿಸಿದ ಹಲ್ಲು, ಒಬ್ಬನ ಎಲೆಯ ಮೇಲೆ ಸೊಸೆಯ ಕಣ್ಣು. ಹದಿನೈದು ರೊಟ್ಟಿಯ ಸರದಾರರು ಈಗ ‘ಅರ್ಧ ಸಾಕ್ರಿ’ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ನಾನು ಸ್ವಲ್ಪ ಮುಂಚೆ ಬಂದು ಜಾಗ ಹಿಡಿದಿದ್ದೆ, ಅಷ್ಟೇ. ಕೆಲವರ ಜಾಗ ಖಾಲಿಯೂ ಆಗಿದೆ. ಸ್ವೀಡನ್ನಿನವರು 2020ರಲ್ಲಿ ಕೊಟ್ಟ ಲೆಕ್ಕದಂತೆ, ಆಪರೇಷನ್ ಆದವರು ಆಗದ ಸ್ಥೂಲಕಾಯರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರ ಆಯಸ್ಸಿನಷ್ಟು ಸಿಗಲಿಲ್ಲ. ಮೂರು ವರ್ಷವೆಂದರೆ ಮೂರು ಎಳ್ಳ ಅಮಾವಾಸ್ಯೆ. ನನಗದು ಸಣ್ಣ ಗಳಿಕೆ ಅನ್ನಿಸುವುದಿಲ್ಲ.

ನಿಮ್ಮ ಮನೆಗೆ ನನ್ನಂಥವರು ಉಣ್ಣಲು ಬಂದರೆ ಎರಡೇ ಉಪಕಾರ ಮಾಡಿರಿ. ಅವರು ಅನ್ನುವ ಮೊದಲನೆಯ ‘ಸಾಕು’ ನಂಬಿರಿ. ಕೈ ತೊಳೆದ ಮೇಲೆ, ‘ಈ ವರ್ಷದ್ದು ರಕ್ತ ತೋರಿಸಿದಿರೇನು?’ ಎಂದು ಕೇಳಿರಿ.