ಸೀಟಿನ ಕೆಳಗಿನ ಟ್ರಂಕು

ನಮ್ಮ ಉಡಿಗಾಲಕ್ಕೆ ರೈಲು ಬಂದದ್ದಿಲ್ಲ. ರೈಲು ಹತ್ತಬೇಕೆಂದರೆ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಬೇಕು. ಹೀಗಿರುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, ‘ವಸ್ತುಪ್ರದರ್ಶನಕ್ಕೆ ಚಾಮರಾಜನಗರದ ಹಳೇ ರೈಲು ಮಾಡ್ತೀನಿ ಸಾರ್’ ಎಂದಾಗ ನನಗೆ ಖುಷಿಯ ಜೊತೆಗೆ ಕೊಂಚ ಜಂಬವೂ ಬಂತು. ಆ ಮೀಟರ್ ಗೇಜ್ ಗಾಡಿಯಲ್ಲಿ ವರ್ಷಗಟ್ಟಲೆ ಓಡಾಡಿದವನು ನಾನು. ‘ಏನು ಬೇಕೋ ಕೇಳು, ಎಲ್ಲ ನೆನಪಿದೆ’ ಎಂದುಬಿಟ್ಟೆ.

ಎಂಜಿನ್ನಿನ ಗೊಡವೆ ಬೇಡ, ಒಂದೇ ಒಂದು ಬೋಗಿ ಸಾಕು, ಅದು ಸರಿಯಾಗಿರಲಿ ಎಂದು ತೀರ್ಮಾನಿಸಿದೆವು. (ನಾವು ಬೋಗಿ ಎನ್ನುವುದು ಇಡೀ ಡಬ್ಬಿಗೆ. ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನು ಹೊತ್ತ ಚೌಕಟ್ಟು ಮಾತ್ರ. ನಮ್ಮ ಮೊದಲ ತಪ್ಪು ಹೆಸರಿನಲ್ಲೇ ಇತ್ತು!) ಇಪ್ಪತ್ತಕ್ಕೆ ಒಂದರ ಅಳತೆ, ಅಂದರೆ ಒಂದು ಮೀಟರಿನ ಹಳಿ ಅಂತರಕ್ಕೆ ಐದು ಸೆಂಟಿಮೀಟರ್.

ವಾರದೊಳಗೆ ಹುಡುಗಿ ರಟ್ಟಿನ ಡಬ್ಬಿ ತಂದಳು. ಅಚ್ಚುಕಟ್ಟಾಗಿತ್ತು, ಆದರೆ ಏಕೋ ಕಡ್ಡಿಪೆಟ್ಟಿಗೆಯಂತೆ ಇಕ್ಕಟ್ಟಾಗಿ ಕಂಡಿತು. ಅವಳು ಮಾಡಿದ ಲೆಕ್ಕ ಹೀಗೆ: ಬ್ರಾಡ್‌ಗೇಜ್ ಹಳಿಗಳ ನಡುವೆ 1676 ಮಿಲಿಮೀಟರ್, ಮೀಟರ್ ಗೇಜ್‌ನಲ್ಲಿ 1000. ಪೆರಂಬೂರಿನ ಕಾರ್ಖಾನೆಯ ಬ್ರಾಡ್‌ಗೇಜ್ ಡಬ್ಬಿಯ ಅಗಲ 3.245 ಮೀಟರ್. ಅದನ್ನು ಅದೇ ಅನುಪಾತದಲ್ಲಿ ಕುಗ್ಗಿಸಿದರೆ 1.94 ಮೀಟರ್. ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ‘ಹಳಿ ಕಿರಿದಾಯಿತು ಅಂತ ಒಳಗೆ ಕೂರುವ ಮನುಷ್ಯರೂ ಕಿರಿದಾಗ್ತಾರೇನಮ್ಮ?’ ಎಂದೆ. ಹುಡುಗಿ ನಕ್ಕಳು.

ಹಾಗಾದರೆ ನಿಜವಾದ ಅಗಲ ಎಷ್ಟು? ಅಳೆಯೋಣವೆಂದರೆ ಗಾಡಿ ಎಲ್ಲಿದೆ! ಮೈಸೂರು-ಚಾಮರಾಜನಗರದ 61 ಕಿಲೋಮೀಟರ್ ದಾರಿ 2008ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು. ಸ್ನೇಹಿತರೊಬ್ಬರ ಆಲ್ಬಮ್ಮಿನಲ್ಲಿ ನಿಂತ ಗಾಡಿಯ ಕೊನೆಯ ಡಬ್ಬಿಯನ್ನು ಹಿಂದಿನಿಂದ ತೆಗೆದ ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆಯಾದ್ದರಿಂದ ನಮ್ಮ ಕಡೆಗಿರುವ ಹಳಿಯನ್ನು ಅಳೆಯಬಾರದು, ಡಬ್ಬಿಯ ತುದಿಯ ಕೆಳಗೇ ಇರುವ ಹಳಿಯನ್ನು ಅಳೆಯಬೇಕು. ಅಲ್ಲಿ ಹಳಿಗಳ ಒಳ ಅಂಚುಗಳ ನಡುವೆ 12 ಮಿಲಿಮೀಟರ್, ಡಬ್ಬಿಯ ಅಗಲ 33. ಹನ್ನೆರಡು ಒಂದು ಮೀಟರಾದರೆ ಮೂವತ್ಮೂರು ಎರಡೂ ಮುಕ್ಕಾಲು ಮೀಟರ್. ಡಬ್ಬಿ ಹಳಿಯಿಂದ ಎರಡೂ ಕಡೆ ಚಾಚಿಕೊಂಡು, ಚಿಕ್ಕ ಮಣೆಯ ಮೇಲೆ ಕುಳಿತ ದಪ್ಪ ಯಜಮಾನರಂತೆ ಕಾಣುತ್ತಿದ್ದುದು ಅದಕ್ಕೇ.

ಬಣ್ಣದ ವಿಷಯ ಬಂದಾಗ ನಾನು ಎಡವಿದೆ. ನಾವು ಆರಿಸಿಕೊಂಡ ವರ್ಷ 1988, ನಾನು ಬಿಎಸ್ಸಿ ಸೇರಲು ಮೈಸೂರಿಗೆ ಹೋದ ವರ್ಷ. ‘ನೀಲಿ’ ಎಂದೆ, ಅನುಮಾನವೇ ಇಲ್ಲದೆ. ಜಗಲಿಯ ಮೇಲೆ ಕುಳಿತಿದ್ದ ಅವ್ವ, ‘ನೀಲಿ ಎಲ್ಲಿತ್ತು ಮೊಗ? ಕಾವಿ ಬಳ್ದಂಗಿತ್ತು ಕನ’ ಎಂದರು. ಅವರು ಹೇಳಿದ್ದೇ ಸರಿ. ಡಬ್ಬಿಗಳಿಗೆ ನೀಲಿ ಬಂದದ್ದು ತೊಂಬತ್ತರ ದಶಕದಲ್ಲಿ; ಎರಡರಲ್ಲೂ ಪ್ರಯಾಣ ಮಾಡಿದ ನನ್ನ ತಲೆ ಹಿಂದಿನ ಬಣ್ಣವನ್ನು ಅಳಿಸಿ ನೀಲಿ ಬಳಿದುಕೊಂಡಿತ್ತು. ಅವ್ವನೂ ಒಂದು ಕಡೆ ತಪ್ಪಿದರು. ‘ತರ್ಡ್ ಕ್ಲಾಸು’ ಎಂದು ಅವರು ಹೇಳಿದ್ದನ್ನು ಕೇಳಿ ಹುಡುಗಿ ಡಬ್ಬಿಯ ಮೇಲೆ ಮೂರು ಗೀಟು ಎಳೆದಿದ್ದಳು. ಮೂರನೇ ದರ್ಜೆ 1974ರಲ್ಲೇ ರದ್ದಾಗಿ ಎರಡನೇ ದರ್ಜೆಯಾಗಿತ್ತು. ಒಂದು ಗೀಟು ಅಳಿಸಿದೆವು.

ಒಳಗಿನ ಸೀಟಿಗಾಗಿ ಒಂದು ಭಾನುವಾರ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. 1979ರಲ್ಲಿ ಆರಂಭವಾದದ್ದು, ನಿಲ್ದಾಣದ ಹತ್ತಿರವೇ ಇದೆ. ಮಕ್ಕಳಿರುವ ಮನೆಯವರು ನೋಡಲೇಬೇಕು. ಅಲ್ಲಿ 1899ರ ಮಹಾರಾಣಿಯವರ ಸಲೂನ್ ಇದೆ. ಅಡುಗೆಗೆ, ಊಟಕ್ಕೆ, ಸ್ನಾನಗೃಹಕ್ಕೆ ಅದರಲ್ಲೇ ಏರ್ಪಾಡು. ಅಷ್ಟು ಹಳೆಯದನ್ನು ಕಣ್ಣಾರೆ ಕಂಡು ಸಂತೋಷಪಟ್ಟೆವು. ಆದರೆ 1988ರಲ್ಲಿ ಅವ್ವ ಕೂತು ಹೋದ ಸೀಟು ಎಷ್ಟು ಎತ್ತರವಿತ್ತೆಂಬುದು ನಮಗೆ ಅಲ್ಲಿ ಸಿಗಲಿಲ್ಲ. ಲಕ್ಷಾಂತರ ಜನ ಕೂತೆದ್ದ ಸೀಟನ್ನು ಅಳೆದಿಡಬೇಕೆಂದು ನಮಗ್ಯಾರಿಗೂ, ಅಳತೆಯ ಪಾಠ ಹೇಳುವ ನನಗೂ, ತೋಚಿರಲಿಲ್ಲ.

ಸಂಜೆ ಮನೆಗೆ ಬಂದು ಇದನ್ನೇ ಹೇಳುತ್ತಿದ್ದಾಗ ಅವ್ವ, ‘ಅಟ್ಟದ ಮ್ಯಾಲೆ ನಿನ್ ಟ್ರಂಕ್ ಅದಲ್ಲ, ಇಳ್ಸು’ ಎಂದರು. ಕಾಲೇಜು ಸೇರುವ ದಿನ ಅಪ್ಪ ಹೊಲ ಬಿಟ್ಟು ಬರಲಾಗದೆ, ನನ್ನ ಜೊತೆ ಮೈಸೂರಿಗೆ ಬಂದವರು ಅವ್ವನೇ. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ, ಕಳ್ಳರ ಭಯಕ್ಕೆ ನಂಜನಗೂಡು ದಾಟುವವರೆಗೂ ಮೇಲಿನ ಸಂದಿಯಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದರಂತೆ. ‘ಹೆಬ್ಬೆಟ್ಟು ಆಡೋ ಅಷ್ಟು ಸಂದಿ ಇತ್ತು, ಅಷ್ಟೇಯ.’

ನನಗೆ ಇದು ಗೊತ್ತೇ ಇರಲಿಲ್ಲ. ನಾನು ಆ ದಿನ ಪೂರ್ತಿ ಕಿಟಕಿಯಾಚೆ ನೋಡುತ್ತಿದ್ದೆ.

ಹುಡುಗಿ ಟೇಪು ಹಿಡಿದಳು. ಟ್ರಂಕಿನ ಎತ್ತರ 30 ಸೆಂಟಿಮೀಟರ್. ಅವ್ವನ ಹೆಬ್ಬೆಟ್ಟಿನ ದಪ್ಪ ಸುಮಾರು ಎರಡು. ಮಾದರಿಯಲ್ಲಿ ಸೀಟಿನ ಅಡಿ ನೆಲದಿಂದ 16 ಮಿಲಿಮೀಟರ್ ಮೇಲೆ ಬಂತು. ಪ್ರದರ್ಶನದ ಹಿಂದಿನ ದಿನ ಅವಳು ರಟ್ಟಿನದೇ ಒಂದು ಪುಟ್ಟ ಟ್ರಂಕು ಮಾಡಿ, ಹಸಿರು ಬಳಿದು ತಂದಳು. ಈಗ ಕಣ್ಣು ಮಂಜಾಗಿರುವ ಅವ್ವನ ಕೈಗೇ ಅದನ್ನು ಕೊಟ್ಟಳು. ಅವ್ವ ತಡವಿ ತಡವಿ ಸೀಟಿನ ಕೆಳಕ್ಕೆ ತಳ್ಳಿದರು. ಮೇಲೆ ಒಂದು ಮಿಲಿಮೀಟರ್ ಉಳಿಯಿತು.