ಊರಿನ ಲೆಕ್ಕ, ಭಾಗ 4: ಜಮಾಬಂದಿ

ಹೋದ ಸಲ ಗ್ರಾಮಸಭೆ ಬಗ್ಗೆ ಹಾಕಿದಾಗ ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ದು ಒಂದೇ. "ನೀನೇನು ಮೆಂಬರ್ರಾ? ಒಳಗೆ ಹೆಂಗೆ ಬಿಟ್ರು?"

ಬಿಡೋಕೆ ಅವರ್ಯಾರು! ಪಂಚಾಯ್ತಿ ಸದಸ್ಯರು ಬೇರೆ, ಗ್ರಾಮಸಭೆ ಸದಸ್ಯರು ಬೇರೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರೋ ಎಲ್ಲರೂ ಗ್ರಾಮಸಭೆ ಸದಸ್ಯರೇ. 18 ತುಂಬಿ ಪಟ್ಟಿಗೆ ಹೆಸರು ಸೇರಿದಾಗಲೇ ನೀವೂ ಆಗಿದ್ದೀರಿ, ಯಾರೂ ಹಾರ ಹಾಕಿ ಹೇಳಿಲ್ಲ ಅಷ್ಟೆ. ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ರೆ ಮಾತ್ರ ಸಭೆ ನಡೆಸಬಹುದು. ನಮ್ಮೂರಲ್ಲಿ ಅಷ್ಟು ಜನ ಸೇರಿದ್ದನ್ನ ನಾನು ನೋಡಿರೋದು ಮನೆ ಹಂಚೋ ಪಟ್ಟಿ ಓದೋ ದಿನ. ಮಿಕ್ಕಂತೆ ಸಹಿ ಪುಸ್ತಕವೇ ಮನೆ ಬಾಗಿಲಿಗೆ ಬರುತ್ತೆ.

ಇವತ್ತಿನ ವಿಷಯ ಜಮಾಬಂದಿ. ಹೆಸರು ಕೇಳಿದ್ರೆ ಯಾವುದೋ ಬ್ರಿಟಿಷರ ಕಾಲದ ಶಿಕ್ಷೆ ಇದ್ದಂಗಿದೆ. ಹಿಂದಿನ ವರ್ಷದ ಪಂಚಾಯ್ತಿ ಲೆಕ್ಕವನ್ನ ಊರಿನವರ ಮುಂದೆ ಇಟ್ಟು ತಾಳೆ ನೋಡೋದು ಅಂತ ಅರ್ಥ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಮಾಡ್ಬೇಕು. ಕ್ಯಾಶ್ ಬುಕ್, ವೋಚರ್, ದಾಸ್ತಾನು ವಹಿ ಎಲ್ಲ ಮೇಜಿನ ಮೇಲಿರುತ್ತೆ, ಮೇಲಿನ ಕಚೇರಿಯಿಂದ ಒಬ್ಬರು ಅಧಿಕಾರಿ ಬಂದಿರ್ತಾರೆ. ಎರಡು ವರ್ಷದಿಂದ ಕಾಲೇಜಲ್ಲಿ ಇಲ್ಲದ ಕಂಪನಿಗಳ ಲೆಡ್ಜರ್ ಬರೆದು ಬರೆದು ಸಾಕಾಗಿತ್ತು. ಇಲ್ಲಿ ನಮ್ಮೂರಿನದೇ ಇದೆ!

ಆದ್ರೆ ನಾನು ಹೋಗಿದ್ದು ಲೆಕ್ಕದ ಮೇಲಿನ ಪ್ರೀತಿಗಲ್ಲ. ಬಸ್ ಸ್ಟಾಪಿಂದ ನಮ್ಮ ಬೀದಿಗೆ ಅರ್ಧ ಕಿಲೋಮೀಟರ್, 11 ಕಂಬ. ಉರೀತಿದ್ದದ್ದು 3. ನನ್ನ ಬಸ್ಸು ಬರೋದು ಏಳೂವರೆಗೆ, ಗಾರ್ಮೆಂಟ್ಸ್ ಅಕ್ಕಂದಿರ ವ್ಯಾನು ಎಂಟಕ್ಕೆ. ಎಡಕ್ಕೆ ತೆಂಗಿನ ತೋಟ, ಬಲಕ್ಕೆ ಕೆರೆ ಏರಿ. ಪಕ್ಕದ ಮನೆ ಹುಡುಗಿ ಟ್ಯಾಲಿ ಕ್ಲಾಸ್ ಬಿಟ್ಟಿದ್ದೇ ಇದಕ್ಕೆ. ನಮ್ಮನೇಲೂ "ಈ ಸೆಮ್ ಮುಗೀಲಿ, ಆಮೇಲೆ ನೋಡಣ" ಅಂತ ಶುರುವಾಗಿತ್ತು. ಹೆಣ್ಮಕ್ಕಳಿರೋ ಮನೇಲಿ "ಆಮೇಲೆ ನೋಡಣ" ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಮುಂಚೆ ಮೂರು ಸಲ ಹೋಗಿ ಬಾಯಲ್ಲಿ ಹೇಳಿದ್ವಿ. "ಅನುದಾನ ಇಲ್ಲಮ್ಮ" ಅಂದ್ರು. ಅದು ಪೂರ್ತಿ ಸುಳ್ಳೂ ಅಲ್ಲ. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ 60 ಭಾಗ ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿತ್ತು. ಮಿಕ್ಕ 40ರಲ್ಲಿ ಬೇರೆಲ್ಲ ಆಗ್ಬೇಕಿತ್ತು. ಇನ್ನು ಮನೆ ಕಂದಾಯ ಯಾರು ಯಾರು ಕಟ್ಟಿದೀರ ಅಂತ ಕೇಳಿದ್ರೆ ಊರಿಗೂರೇ ಆಕಾಶ ನೋಡುತ್ತೆ.

ಆದ್ರೂ ಕ್ಯಾಶ್ ಬುಕ್ಕಲ್ಲಿ ಎಲ್‌ಇಡಿ ಬಲ್ಬ್ ಸಿಕ್ತು, 24. ವೋಚರ್ ಸರಿ, ಜಿಎಸ್‌ಟಿ ಬಿಲ್ ಸರಿ, ಮೊತ್ತ ತಾಳೆ. ಪರೀಕ್ಷೆಯಲ್ಲಾಗಿದ್ರೆ ಪೂರ್ತಿ ಮಾರ್ಕ್ಸ್. ದಾಸ್ತಾನು ವಹಿ ತೆಗೆಸಿದೆ. ಬಂದದ್ದು 24, ಕೊಟ್ಟದ್ದು 24. ಎಲ್ಲಿಗೆ? "ಬೀದಿದೀಪಕ್ಕೆ." ಅಷ್ಟೇ ಬರೆದಿತ್ತು.

"ಯಾವ ಬೀದಿ ಸಾರ್?" ಅಂದೆ.

ಎಲ್ಲರೂ ಬಾಗಿಲ ಹತ್ರ ನಿಂತಿದ್ದ ನೀರುಗಂಟಿ ಅಣ್ಣನ ಕಡೆ ತಿರುಗಿದ್ರು. "ಎಲ್ಲಿ ಹಾಕ್ದಯ್ಯ?" ನನಗೆ ಹೊಟ್ಟೆ ಹಿಂಡಿದ್ದು ಆಗ. ವಾಲ್ವ್ ತಿರುಗಿಸೋದು, ಮೋಟ್ರು ಹಾಕೋದು, ಕಂಬ ಹತ್ತೋದು ಎಲ್ಲ ಆ ಅಣ್ಣನೇ. ಹೇಳಿದ ಕಡೆ ಹಾಕಿರ್ತಾರೆ. ಯಾರು ಹೇಳಿದ್ದು, ಯಾರ ಮನೆ ಮುಂದೆ ಅಂತ ಸಭೇಲಿ ಬಾಯಿಬಿಟ್ರೆ ನಾಳೆ ಅವರ ಕೆಲಸ ಇರುತ್ತಾ? "ಅವರನ್ನ ಕೇಳ್ಬೇಡಿ ಸಾರ್. ಕಂಬಕ್ಕೆ ನಂಬರ್ ಹಾಕಿ, ವಹೀಲಿ ಆ ನಂಬರ್ ಬರೆಯೋಕೆ ಒಂದು ಕಾಲಂ ಮಾಡಿ, ಸಾಕು" ಅಂದೆ. ಧ್ವನಿ ನಡುಗ್ತಿತ್ತು, ವಿಡಿಯೋ ಮಾಡಿದ ಫ್ರೆಂಡ್ ಇವತ್ತಿಗೂ ಆಡ್ಕೋತಾಳೆ. ಅಷ್ಟರಲ್ಲಿ ಹಿಂದೆ ಕೂತಿದ್ದ ಗಾರ್ಮೆಂಟ್ಸ್ ಅಕ್ಕ ಎದ್ದು, "ನಮ್ ರಸ್ತೆಗೆ ಒಂದೂ ಬಂದಿಲ್ಲ, ಅದನ್ನೂ ಬರ್ಕಳಿ" ಅಂದ್ರು. ಬರೆದ್ರು. ನನ್ನ ಕಾಲಂಗಿಂತ ಅವರ ಆ ಮಾತು ಜೋರಾಗಿ ಕೆಲಸ ಮಾಡ್ತು.

ನೀವು ಹೋದ್ರೆ ಇಷ್ಟು ಮಾಡಿ: ನೀವು ಕೇಳಿದ್ದನ್ನ ನಡವಳಿಯಲ್ಲಿ ಬರೆಸದೆ ಎದ್ದು ಬರ್ಬೇಡಿ. ಆಮೇಲೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಲ್ಲಿ ಅದರ ನಕಲು ಕೇಳಿ. 30 ದಿನದೊಳಗೆ ಉತ್ತರ ಕೊಡ್ಬೇಕು.

ಇನ್ನು ರೀಲ್ಸಲ್ಲಿ ಹೇಳದೆ ಇರೋ ಭಾಗ. ಅವತ್ತು ಸಂಜೆನೇ ಟೀ ಅಂಗಡೀಲಿ ಯಾರೋ ಅಪ್ಪನಿಗೆ "ಮಗಳು ಲೀಡ್ರಾಗ್ತಾವ್ಳೆ, ಓದ್ಕೊಂಡಿರಕ್ಕೆ ಹೇಳಣ್ಣ" ಅಂದಿದ್ದಾರೆ. ನಗ್ತಾ ನಗ್ತಾನೇ ಅಂದಿದ್ದಂತೆ. ನಮ್ಮ ಮನೆಯ ಇ-ಸ್ವತ್ತು ಅರ್ಜಿ ಅದೇ ಪಂಚಾಯ್ತೀಲಿ ಕೂತಿದೆ. ನಮೂನೆ 9, 11 ಕೈಗೆ ಬರದೆ ಬ್ಯಾಂಕ್ ಸಾಲ ಇಲ್ಲ, ಸಾಲ ಇಲ್ಲದೆ ಮೇಲ್ಛಾವಣಿ ಇಲ್ಲ. ಅಪ್ಪ ಬೈಲಿಲ್ಲ. ಮುದ್ದೆ ಮುರೀತಾ ಸುಮ್ನೆ ಕೂತಿದ್ರು. ಅಮ್ಮನೇ, "ಕೇಳೋದು ಕೇಳಿದ್ಯಲ್ಲ, ಆ ಪೇಪರ್ ಬರೋವರ್ಗೂ ಸುಮ್ಕಿರವ್ವ" ಅಂದಿದ್ದು.

ಅಮ್ಮನಿಗೆ ಹೇಳೋಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ಇಲ್ಲ. ಯುವಕರು ಮುಂದೆ ಬರ್ಬೇಕು ಅಂತ ಆಗಸ್ಟ್ 15ಕ್ಕೆ ಭಾಷಣ ಮಾಡೋರಿಗೆ ಯಾರ ಮನೆ ಫೈಲು ಯಾರ ಮೇಜಿನ ಮೇಲಿದೆ ಅಂತ ಗೊತ್ತಿರಲ್ಲ. ಸಿಟೀಲಿ ಘೋಷಣೆ ಕೂಗಿ ಮೆಟ್ರೋ ಹತ್ತಿ ಮನೆಗೆ ಹೋಗ್ಬಹುದು. ಇಲ್ಲಿ ನಾನು ಪ್ರಶ್ನೆ ಕೇಳಿದ ಮನುಷ್ಯನೇ ನಾಳೆ ನಮ್ಮಕ್ಕನ ಮದುವೆಗೆ ಮೊದಲ ಪಂಕ್ತೀಲಿ ಊಟಕ್ಕೆ ಕೂರ್ತಾನೆ, ನಾನೇ ಬಡಿಸ್ಬೇಕು.

ಅದಕ್ಕೇ ಈಗ ಒಬ್ಬೊಬ್ಬರೇ ಹೋಗೋದು ಬಿಟ್ಟಿದ್ದೀವಿ. ವ್ಯಾನಿನ ಅಕ್ಕಂದಿರು, ನಾನು, ಟ್ಯಾಲಿ ಬಿಟ್ಟ ಹುಡುಗಿ, ಒಟ್ಟು 9 ಜನ. ಅರ್ಜಿ ಒಂದೇ, ಸಹಿ 9, ಅದೂ ವೃತ್ತಾಕಾರದಲ್ಲಿ. ಮೊದಲು ಯಾರು ಹಾಕಿದ್ದು ಅಂತ ಗೊತ್ತಾಗಬಾರದು! ಈ ಐಡಿಯಾ ಅಮ್ಮಂದು. ಸುಮ್ಕಿರು ಅಂದಿದ್ದ ಅಮ್ಮಂದೇ.

ಎರಡನೇ ಫೋಟೋ ನೋಡಿ. ಕಂಬದ ಮೇಲೆ ಬಿಳಿ ಪೇಂಟಲ್ಲಿ 7 ಅಂತ ಇದೆಯಲ್ಲ, ಅದು ಕೆರೆ ಏರಿ ತಿರುವಿನದು. ಈಗ 11ರಲ್ಲಿ 8 ಉರೀತಿದೆ. ಇ-ಸ್ವತ್ತು ಇನ್ನೂ ಬಂದಿಲ್ಲ. "ಸರ್ವರ್ ಇಲ್ಲ" ಅಂತಾರೆ, ನಿಜ ಇದ್ರೂ ಇರ್ಬಹುದು. ಮುಂದಿನದು ವಾರ್ಡ್ ಸಭೆ, ಬೋರ್ಡಲ್ಲಿ ಇನ್ನೂ ದಿನಾಂಕ ಹಾಕಿಲ್ಲ. ಕಾಸ್ಟ್ ಅಕೌಂಟಿಂಗ್ ಪರೀಕ್ಷೆ ದಿನ ಇಡದಿದ್ರೆ ಸಾಕು.